ನಾಡಿಹಲಗೆಯ ಎಡಭಾಗ

ಗದಗ
ಎರಡನೇ ಬೇಸಿಗೆಯ ನಲವತ್ತನೇ ದಿನ, ೨೧೭೪

ನೀಲಮ್ಮಜ್ಜಿಯವರಿಗೆ,

ನಿಮ್ಮಿಂದ ಆರನೇ ತಲೆಮಾರಿನ ಹೆಣ್ಣುಮಗಳು ಗಂಗೋತ್ರಿ ಬರೆಯುವುದು. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ನಿಮಗೆ ಗೊತ್ತಿಲ್ಲದ ಕೆಲವು ಮಾತುಗಳು ಈ ಕಾಗದದಲ್ಲಿ ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ಹಿರಿಯರಿಗೆ ಬರೆಯುವಾಗ ಮೊದಲು ನಮಸ್ಕಾರ ಬರೆಯಬೇಕು ಎಂಬುದು ನನಗೆ ಗೊತ್ತು. ಬರೆಯಲು ಮನಸ್ಸು ಬರಲಿಲ್ಲ.

ನಿಮ್ಮ ಕಾಲದಲ್ಲಿ ನೀವು ಈಗ ಆಸ್ಪತ್ರೆಯ ಮಕ್ಕಳಿಂದ ಚಿತ್ರ ಬರೆಸಿ ಅವರ ಮನಸ್ಸಿನ ಭಾರ ಇಳಿಸುವ ಕೆಲಸದಲ್ಲಿದ್ದೀರಿ. ಬೆರಳಿನ ಒತ್ತಡವನ್ನೂ ಎದೆಬಡಿತವನ್ನೂ ಓದಿಕೊಳ್ಳುವ ಒಂದು ಹಲಗೆಗೆ ರಂಗೋಲಿ ಕಲಿಸುತ್ತಿದ್ದೀರಿ. ನಾವು ಅದಕ್ಕೆ ನಾಡಿಹಲಗೆ ಅನ್ನುತ್ತೇವೆ. ಅದು ಇಲ್ಲದ ಓಣಿಯೇ ಇಲ್ಲ. ಪ್ರತಿ ಸೋಮವಾರ ಮುಂಜಾನೆ ಓಣಿಯವರೆಲ್ಲ ಬಣ್ಣದಕಟ್ಟೆಗೆ ಹೋಗುತ್ತೇವೆ. ನಿಮ್ಮ ಕಾಲದ ದವಾಖಾನೆ ಅಂದುಕೊಳ್ಳಿ, ಔಷಧದ ವಾಸನೆ ಮಾತ್ರ ಇಲ್ಲ. ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕೂತು ಮನಸ್ಸಿಗೆ ಬಂದದ್ದನ್ನು ಬಿಡಿಸುತ್ತೇವೆ. ಮುದುಕರು ಹೆಚ್ಚಾಗಿ ಎಮ್ಮೆ ಬಿಡಿಸುತ್ತಾರೆ, ಎಮ್ಮೆಯನ್ನು ಕಣ್ಣಾರೆ ಕಂಡವರು ಅವರಷ್ಟೇ. ಆಮೇಲೆ ಚುರುಮರಿ ತಿಂದು, ಹರಟೆ ಹೊಡೆದು ಮನೆಗೆ ಬರುವಷ್ಟರಲ್ಲಿ ಚಿತ್ರ ನಮ್ಮ ಗೋಡೆಯ ಮೇಲೆ ಬಂದಿರುತ್ತದೆ, ಅದರ ಕೆಳಗೆ ಆರೋಗ್ಯದ ಬಗ್ಗೆ ಎರಡು ಸಾಲು. ನಿದ್ದೆ ಸಾಲದು, ಯಾರೊಡನಾದರೂ ಮಾತಾಡಿ, ಹೀಗೆ. ಸುಳ್ಳು ಯಾಕೆ ಹೇಳಲಿ, ಹಲಗೆ ಎಷ್ಟೋ ಜನರನ್ನು ಉಳಿಸಿದೆ. ಗಂಡ ತೀರಿಕೊಂಡ ವರ್ಷ ನನ್ನನ್ನೂ ಉಳಿಸಿತು. ಅದಕ್ಕೇ ಕಣ್ಣು ಮುಚ್ಚಿ ನಂಬಿದ್ದೆ.

ನನ್ನ ಮಗಳು ಇಂಚರಾಗೆ ಒಂಬತ್ತು ವರ್ಷ. ಹೋದ ವರ್ಷ ಒಂದು ಜ್ವರ ಬಂದು ಹೋದ ಮೇಲೆ ಮಂಕಾದಳು. ನಡೆಯುವಾಗ ಬಾಗಿಲಿಗೆ ಭುಜ ತಾಗಿಸಿಕೊಳ್ಳುವಳು. ತಾಟಿನ ಒಂದು ಬದಿಯ ಅನ್ನ ಹಾಗೇ ಬಿಟ್ಟು ಇನ್ನೂ ಹಸಿವು ಅನ್ನುವಳು. ಹಟ ಅಂದುಕೊಂಡು ಬೈದೆ. ಗೋಡೆಯ ಮೇಲೆ ಬರುತ್ತಿದ್ದ ಅವಳ ಚಿತ್ರಗಳು ಮಾತ್ರ ಒಂದಕ್ಕಿಂತ ಒಂದು ಚಂದ. ಎರಡೂ ಕಡೆ ಎಸಳು ಸಮನಾಗಿದ್ದ ಹೂವು, ಎರಡೂ ರೆಕ್ಕೆ ಬಿಚ್ಚಿದ ಪಾತರಗಿತ್ತಿ. ಕೆಳಗೆ, ಮಗು ಚೇತರಿಸಿಕೊಳ್ಳುತ್ತಿದೆ ಎಂಬ ಸಾಲು. ಕಟ್ಟೆಯಲ್ಲಿ ಅವಳ ಪಕ್ಕದ ಚಾಪೆಯಲ್ಲಿ ಕೂರುವ ಮುದುಕಿ ಶಿವಕ್ಕ ಒಂದು ದಿನ ನನ್ನನ್ನು ತಡೆದು, "ಕೂಸು ಅರ್ಧಾ ಹೂವಾ ತಗದು ಕೈ ಬಿಡತೈತಿ, ಒಂದೀಟು ನೋಡವಾ" ಅಂದಳು. "ನಿಮ್ಮ ಕಣ್ಣಿಗೆ ವಯಸ್ಸಾಗಿದೆ" ಅಂತ ನಕ್ಕುಬಿಟ್ಟೆ. ಗೋಡೆಯ ಮೇಲಿನ ಹೂವು ಇಡಿಯಾಗಿತ್ತಲ್ಲ.

ಜ್ವರ ಬಂದು ಏಳು ತಿಂಗಳಾದ ಮೇಲೆ ಇಂಚರಾ ಶಾಲೆಯಲ್ಲಿ ಕುಸಿದುಬಿದ್ದಳು. ಮಿದುಳಿನ ಬಲಭಾಗದಲ್ಲಿ ಊತ. ವೈದ್ಯರು ಹಲಗೆಯ ಒಳಗಿನಿಂದ ಅವಳ ಬೆರಳಿನ ಅಸಲಿ ಗೆರೆಗಳನ್ನಷ್ಟೇ ತೆಗೆಸಿ ತೋರಿಸಿದರು. ಮೂವತ್ತು ಚಿತ್ರ, ಮೂವತ್ತರಲ್ಲೂ ಬಲಭಾಗ ಮಾತ್ರ. ಎಡಕ್ಕೆ ಒಂದು ಚುಕ್ಕಿಯೂ ಇರಲಿಲ್ಲ. ಎಡಗಡೆ ಎಂಬುದೇ ಅವಳ ಪಾಲಿಗೆ ಇಲ್ಲವಾಗುತ್ತಿತ್ತು, ವಾರವಾರವೂ ಅದನ್ನೇ ಬಿಡಿಸಿ ತೋರಿಸಿದ್ದಳು. ರಂಗೋಲಿ ಕಲಿತ ಹಲಗೆ ಬಲಕ್ಕೆ ಸರಿಯಾಗಿ ಎಡವನ್ನು ತುಂಬಿ, ತುಂಬಿದ ಚಿತ್ರವನ್ನೇ ಓದಿ, ಮಗು ಚೆನ್ನಾಗಿದೆ ಅಂದಿತ್ತು.

ಹೀಗೇಕೆ ಎಂದು ಹುಡುಕುತ್ತಾ ಹೋದರೆ ಕೊನೆಗೆ ಸಿಕ್ಕಿದ್ದು ನಿಮ್ಮದೇ ನೋಟ್‌ಬುಕ್ಕು. ನಿಮ್ಮ ಕೈಬರಹ ದುಂಡಗೆ, ಸ್ಪಷ್ಟವಾಗಿದೆ. "ಅರ್ಧಕ್ಕೆ ಬಿಟ್ಟ ಚಿತ್ರ ಕಂಡರೆ ತಾಯಂದಿರು ಅಳುತ್ತಾರೆ. ಉಳಿದದ್ದನ್ನು ಹಲಗೆಯೇ ತುಂಬಲಿ. ಹೇಳುವುದು ಬೇಡ." ಆ ಕೊನೆಯ ಎರಡು ಪದ ನನಗೆ ನುಂಗಲಾಗುತ್ತಿಲ್ಲ, ಅಜ್ಜಿ. ನೀವು ಕೆಟ್ಟವರಾಗಿದ್ದರೆ ಶಾಪ ಹಾಕಿ ಸುಮ್ಮನಾಗುತ್ತಿದ್ದೆ. ನೀವು ನಮ್ಮವರು. ಮಕ್ಕಳ ಮೇಲಿನ ಕರುಳಿನಿಂದಲೇ ಈ ಮೋಸ ಮಾಡಿದಿರಿ, ಅದಕ್ಕೇ ಹೊಟ್ಟೆ ಉರಿಯುತ್ತದೆ. ನಾನು ಅಳುತ್ತಿದ್ದೆ, ನಿಜ. ಅತ್ತು, ಮಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತಿದ್ದೆ.

ಈ ಕಾಗದ ಮುಟ್ಟುವ ಹೊತ್ತಿಗೆ ಆ ಸಾಲನ್ನು ನೀವಿನ್ನೂ ಬರೆದಿರದಿದ್ದರೆ, ಬರೆಯಬೇಡಿ. ಬರೆದಿದ್ದರೆ ಹೊಡೆದುಹಾಕಿ. ಅರ್ಧ ಹೂವು ಅರ್ಧವೇ ಆಗಿ ಗೋಡೆಗೆ ಬರಲಿ.

ಇಂಚರಾ ಬದುಕಿದ್ದಾಳೆ. ಊತ ಇಳಿಯಿತು, ಎಡಗಡೆ ಮರಳಲಿಲ್ಲ. ಊಟ ಮಾಡುವಾಗ ನಾನು ಅವಳ ಬಲಗಡೆಯೇ ಕೂರುತ್ತೇನೆ. ಮರೆತು ಎಡಗಡೆ ಕೂತ ದಿನ, ಅವ್ವ ಎಲ್ಲಿ ಹೋದಳು ಅಂತ ನನ್ನ ಪಕ್ಕದಲ್ಲೇ ಕೂತು ಕೇಳಿದಳು.

ಗಂಗೋತ್ರಿ