ಬೆಂಕಿಪೊಟ್ಟಣದ ಜೀರ್ಜಿಂಬೆ

ಇಟ್ಟಮಡು, ಬೆಂಗಳೂರು
೧೨-೨-೨೦೨೫, ಬುಧವಾರ

ಪ್ರೀತಿಯ ಬಿಂದು,

ಹೇಗಿದ್ದೀಯ? ಜೈಪುರದ ಚಳಿಗೆ ಕೆಮ್ಮು ಜೋರಾಗಿಲ್ಲ ತಾನೆ? ನಾನು, ನಿಮ್ಮಮ್ಮ ಇಬ್ಬರೂ ಚೆನ್ನಾಗಿದ್ದೇವೆ. ಮಹಡಿಯಲ್ಲಿರುವ ನಿನ್ನ ಎನಾಮಲ್ ಕುಲುಮೆಯ ಧೂಳು ದಿನಾ ಒರೆಸುತ್ತೇನೆ. ಬೇರೇನೂ ಮುಟ್ಟಿಲ್ಲ, ನಿನ್ನಾಣೆ. ಒಂದೇ ಸಲ ಸ್ವಿಚ್ ಹಾಕಿ ನೋಡಿದೆ, ಅಷ್ಟೆ.

ನಿನ್ನ ಪ್ರದರ್ಶನದ ಪುಸ್ತಕಕ್ಕೆ ಬರೆದು ಫೋನಿಗೆ ಕಳಿಸಿದ್ದನ್ನು ನನ್ನ ಮಗಳು ಪ್ರಿಯಾಂಕಾ ಓದಿ ಹೇಳಿದಳು. ‘ಬೈರಣ್ಣ ಮಾವ ಜಾಲಿಮರ ಹತ್ತಿ ಹಿಡಿದುಕೊಟ್ಟ ಜೀರ್ಜಿಂಬೆಯೇ ನನ್ನ ಮೊದಲ ಬಣ್ಣ’ ಅಂತ ಹಾಕಿದ್ದೀಯಂತೆ! ಕಟಿಂಗ್ ಶಾಪಿನ ಅನಂತರಾಮುಗೆ ಹೇಳಿದರೆ, “ಏಳನೇ ಕ್ಲಾಸ್ ಫೇಲು, ನೀನು ಆರ್ಟಿಸ್ಟಿಗೆ ಗುರುನಾ?” ಅಂದ. “ತಲಘಟ್ಟಪುರದ ಸ್ಕೂಲಲ್ಲಿ ಮೇಷ್ಟ್ರಿಗೇ ಪಾಠ ಹೇಳಿದೋನು ಕಣಯ್ಯಾ ನಾನು” ಅಂದೆ.

ನಿನಗಾಗ ನಾಲ್ಕು ವರ್ಷ. ಬೆಂಕಿಪೊಟ್ಟಣದಲ್ಲಿ ಜಾಲಿ ಎಲೆ ಹಾಸಿ ಹುಳವನ್ನಿಟ್ಟು, ಮೊಟ್ಟೆ ಇಟ್ಟಿತೇ ಅಂತ ಗಳಿಗೆಗೊಮ್ಮೆ ತೆರೆದು ನೋಡುತ್ತಿದ್ದೆ. ಹೀಗೆ ವಾಲಿಸಿದರೆ ಹಸಿರು, ಹಾಗೆ ವಾಲಿಸಿದರೆ ಚಿನ್ನ. ಈಗಲೂ ತಾಮ್ರದ ಮೇಲೆ ಗಾಜಿನ ಪುಡಿ ಹರಡಿ, ಸುಟ್ಟು, ಉಜ್ಜಿ, ಮತ್ತೆ ಸುಟ್ಟು ಅದೇ ಬಣ್ಣವನ್ನು ಹುಡುಕುತ್ತೀಯ. ಸರಿಬರಲಿಲ್ಲ ಅಂತ ನೀನು ಬಿಸಾಡಿದ ಕಿವಿಯೋಲೆಗಳನ್ನೆಲ್ಲ ಎತ್ತಿಟ್ಟಿದ್ದೇನೆ. ನನ್ನ ಕಣ್ಣಿಗೆ ಎಲ್ಲವೂ ಸರಿಯಾಗೇ ಇವೆ.

ಆದರೆ ನಾಲ್ಕು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ ಕಣೇ. ಮೂರು ಸಲ ನಿನ್ನ ನಂಬರ್ ಒತ್ತಿ ಕಟ್ ಮಾಡಿದೆ. ನಿನ್ನೆ ವಸಂತಪುರದ ತನಕ ಸ್ಕೂಟರಿನಲ್ಲಿ ಹೋಗಿ, ಒಂದು ಮನೆಯ ಮುಂದೆ ಎರಡು ಸುತ್ತು ಹಾಕಿ, ಇಳಿಯದೆ ವಾಪಸ್ ಬಂದೆ. ಎಲ್ಲಿಗೆ ಹೋಗಿದ್ದೆ ಅಂತ ನಿಮ್ಮಮ್ಮ ಕೇಳಿದ್ದಕ್ಕೆ ಪಂಕ್ಚರ್ ಹಾಕಿಸೋಕೆ ಅಂದೆ.

ಹೊತ್ತುಹೊತ್ತಿಗೆ ಉಣ್ಣು. ಬೆಂಕಿಯ ಮುಂದೆ ದುಪಟ್ಟಾ ಬಿಗಿದು ಕಟ್ಟಿಕೋ. ನಿನ್ನ ಕೈ ತಣ್ಣಗಿರಲಿ.

ನಿನ್ನ ಮಾವ,
ಬೈರಣ್ಣ

ಮರೆತಿದ್ದೆ: ಅಲ್ಲ, ಮರೆತಿರಲಿಲ್ಲ. ಕೊರಿಯರ್ ಅಂಗಡಿಯಲ್ಲೇ ನಿಂತು ಬರೆಯುತ್ತಿದ್ದೇನೆ. ಮರ ಹತ್ತಿದ್ದು ನಾನಲ್ಲ, ನಿಮ್ಮಪ್ಪ ಕೆಂಪರಾಜು. ಅದೇ ವರ್ಷ ಅವನು ಮನೆ ಬಿಟ್ಟುಹೋದ. ಅವನ ಹೆಸರೆತ್ತಕೂಡದು ಅಂತ ಎಲ್ಲರ ಬಾಯಿ ಕಟ್ಟಿದವನು ನಾನೇ. ಎಷ್ಟೋ ದಿನದ ಮೇಲೆ ನೀನು ಒಣಗಿದ ಹುಳ ಹಿಡಿದು, “ಇದನ್ನ ಯಾರು ಹಿಡ್ಕೊಟ್ಟಿದ್ದು ಮಾವಾ?” ಅಂದಾಗ, “ನಾನೇ” ಅಂದುಬಿಟ್ಟೆ. ಹೇಳೀ ಹೇಳೀ ನನಗೂ ನಿಜ ಅನ್ನಿಸಿತ್ತು. ಅವನೀಗ ವಸಂತಪುರದಲ್ಲಿದ್ದಾನೆ. ಪುಸ್ತಕ ಸೋಮವಾರ ಪ್ರಿಂಟಿಗೆ ಹೋಗುತ್ತದಂತೆ, ಅಷ್ಟರೊಳಗೆ ಹೆಸರು ತಿದ್ದು. ನಾನು ಕೆಳಗೆ ನಿಂತಿದ್ದೆ, ಅಷ್ಟೆ. ಬೆಂಕಿಪೊಟ್ಟಣ ಮಾತ್ರ ನನ್ನದೇ.