ಹಲಗೆಯ ಮೇಲಿಟ್ಟ ಚಾಕು

ಕೆಂಚಣ್ಣ ಭಾವ,

ದಾವಣಗೆರೆಯಿಂದ ಹರಿಹರದವರೆಗೆ ಚಾಕು ಆರಿಸುವುದರಲ್ಲಿ ನನ್ನನ್ನು ಮೀರಿಸುವ ಗಂಡಸು ಇನ್ನೂ ಹುಟ್ಟಿಲ್ಲ. ನೀವು ತೀರಿಕೊಂಡ ಮೇಲಂತೂ ಇಲ್ಲವೇ ಇಲ್ಲ.

ಮೊನ್ನೆ ಚೀಲದ ಹುರಿ ಕೊಯ್ಯಲೆಂದು ಮಂಡಿಪೇಟೆಯಲ್ಲಿ ಮಡಚುವ ಚಾಕು ನೋಡಿದೆ. ಕೈಯಿಂದ ಕೈಗೆ ಚಾಕು ಕೊಟ್ಟರೆ ಜಗಳವಾಗುತ್ತದೆ ಎನ್ನುತ್ತಿದ್ದಿರಲ್ಲ, ಅದಕ್ಕೇ ಅಂಗಡಿಯ ಹಲಗೆಯ ಮೇಲಿಟ್ಟು, ಹಳೆಯ ರೂಢಿಯಂತೆ ನೀವು ಎತ್ತಿ ಅಲಗು ಅಲ್ಲಾಡಿಸಿ ನೋಡಲೆಂದು ಪಕ್ಕಕ್ಕೆ ತಿರುಗಿದೆ.

ಅಂಗಡಿಯವನು ನಾನು ಒಪ್ಪಿದೆನೆಂದು ತಿಳಿದು ಕಾಗದ ಸುತ್ತಿದ. “ಭಾಳ ಬಾಳಿಕೆ ಬರ್ತೈತ್ರಿ ಯಜಮಾನ್ರೆ,” ಎಂದ. ನಾನೂ ದುಡ್ಡು ಎಣಿಸಿ ಕೊಟ್ಟೆ.

ಮೊದಲ ಚೀಲಕ್ಕೇ ಅಲಗು ಸಡಿಲವಾಯಿತು.

“ಅವ್ರು ಇದ್ದಿದ್ರೆ ಇದನ್ನ ತರಾಕ ಬಿಡ್ತಿದ್ರೇನೋ? ಎಷ್ಟು ಕೊಟ್ಟಿ?” ಎಂದಳು ಅಕ್ಕ.

“ಎಂಟಾಣೆ ಕಣಕ್ಕ, ಪುಕ್ಕಟೆ ಸಿಕ್ಕಂಗೆ,” ಎಂದೆ.

ನಿಮ್ಮ ಹತ್ತಿರ ಏನು ಮುಚ್ಚಲಿ ಭಾವ, ಮೂರೂವರೆ ರೂಪಾಯಿ.