ಸುಮ್ಮನಾದದ್ದು

ಗುರುವಾರ, ಫೆಬ್ರವರಿ ೧೩

ಇವತ್ತೂ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ನೆಲಕ್ಕೆ ಮುಖವೊತ್ತಿ ಬಿದ್ದಿದ್ದ ಆ ಕೈದಿಯೇ ಕಾಣುತ್ತಾಳೆ.

ಹೆರಿಗೆ ರಜೆ ಮುಗಿಸಿ ಜೈಲಿನ ಕೆಲಸಕ್ಕೆ ಮರಳಿದ ಮೊದಲ ವಾರವೇ ಇದು. ಇವತ್ತು ಮಧ್ಯಾಹ್ನ ಮಹಿಳಾ ಬ್ಯಾರಕ್ಕಿನಲ್ಲಿ ಅವಳು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದಳು. ನಾನೂ ಹಿರಿಯ ವಾರ್ಡರ್ ಅಕ್ಕನೂ ಹಿಡಿದು ಬೋರಲು ಕೆಡವಿ, ಕೈ ಹಿಂದಕ್ಕೆ ತಂದು ಕೋಳ ಹಾಕಿದೆವು. ಕೋಳದೊಳಗೆ ಬೆರಳು ತೂರಿಸಿ ನೋಡಿದೆ, ಬಿಗಿಯಾಗಿರಲಿಲ್ಲ. ಅಲ್ಲಿಯವರೆಗೆ ಸರಿಯೇ. ಆದರೆ ಅಕ್ಕ ಅವಳ ಬೆನ್ನಿನ ಮೇಲಿಟ್ಟ ಮೊಣಕಾಲು ತೆಗೆಯಲಿಲ್ಲ. ಕಿರುಚಾಟ ಒಮ್ಮೆಲೇ ನಿಂತಿತು.

"ನೋಡು, ಹೇಗೆ ಸುಮ್ಮನಾದ್ಲು!" ಎಂದರು.

ಮಗಳು ಸುಮ್ಮನಾದರೆ ಓಡಿಹೋಗಿ ಮೂಗಿನ ಹತ್ತಿರ ಬೆರಳಿಡುವವಳು ನಾನು.

"ಅಕ್ಕಾ, ಮೊದ್ಲು ಕಾಲು ತೆಗೀರಿ! ಉಸಿರಾಡ್ತಿಲ್ಲ ಅವ್ಳು!"

"ನಾಟಕ ಕಣೇ. ಹೆತ್ತ ಮೇಲೆ ತೀರಾ ಮೆತ್ತಗಾಗ್ಬಿಟ್ಟೆ ನೀನು."

ಅವರನ್ನು ತಳ್ಳಿಯೇಬಿಟ್ಟೆ. ಅವಳನ್ನು ಮಗ್ಗುಲಿಗೆ ಹೊರಳಿಸಿದೆ. ತುಟಿ ನೀಲಿಗಟ್ಟಿತ್ತು. ಒಂದು ಉಸಿರು, ಕೆಮ್ಮು, ಆಮೇಲೆ ನನ್ನ ಅಪ್ಪ ಅಮ್ಮನನ್ನೂ ಬಿಡದ ಬೈಗುಳ. ಅಷ್ಟು ಹಿತವಾದ ಮಾತು ಈಚೆಗೆ ನನ್ನ ಕಿವಿಗೆ ಬಿದ್ದಿಲ್ಲ.

ಡಾಕ್ಟರು ನೋಡಿ ಹೋದರು. ಅಕ್ಕ ಸಂಜೆಯವರೆಗೂ ನನ್ನನ್ನು ಮಾತಾಡಿಸಲಿಲ್ಲ. ರಾತ್ರಿ ಪಾಳಿಯೂ ಅವರದೇ. ಆ ಕೈದಿ ಸುಮ್ಮನಿದ್ದರೆ ಹೋಗಿ ನೋಡುತ್ತಾರೋ ಇಲ್ಲವೋ.

ಇಲ್ಲಿ ಮಗಳೂ ಬೋರಲಾಗಿದ್ದಾಳೆ. ಹೊರಳಿಸಿದ್ದೇ ತಡ, ಕಿಟಾರನೆ ಕಿರುಚಿದಳು.

"ಮಲಗಿರೋ ಮಗೂನ ಯಾಕಮ್ಮಾ ಎಬ್ಬಿಸ್ತೀಯ?" ಪಕ್ಕದ ಕೋಣೆಯಿಂದ ಅತ್ತೆ.

ಅಳಲಿ. ಇನ್ನೊಂದು ಸ್ವಲ್ಪ ಹೊತ್ತು ಅಳಲಿ, ನಾನು ಕೇಳುತ್ತಾ ಹಾಗೇ ಕಣ್ಣು ಮುಚ್ಚುತ್ತೇನೆ.